ಬೀಟ್‌ರೂಟ್ ಪ್ರಯೋಗ: ಕ್ಯಾನ್ ನೀರಲ್ಲಿ ಬಣ್ಣ ಜಾಸ್ತಿ, ಬೋರ್ ನೀರಲ್ಲಿ ಕಡಿಮೆ. ಯಾಕೆ?

ಗದಗದ ವಿಜ್ಞಾನ ಶಿಕ್ಷಕಿ · ಸೋಮವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಗದಗ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೇ ತರಗತಿಯಲ್ಲಿ ಜೀವಕೋಶದ ಪಾಠ ಮುಗಿಯಿತು. ಒಣದ್ರಾಕ್ಷಿ ನೀರಲ್ಲಿ ಹಾಕಿ ಉಬ್ಬಿಸುವುದು, ಸಿಪ್ಪೆ ಕರಗಿಸಿದ ಮೊಟ್ಟೆ, ಎರಡೂ ಮಾಡಿಸಿದ್ದೆ. ಅವುಗಳಲ್ಲಿ ನೀರು ಒಳಗೆ ಹೋಗುವುದು, ಹೊರಗೆ ಬರುವುದು ಕಾಣುತ್ತದೆ. ಆದರೆ ಜೀವಕೋಶದ ಪೊರೆ ಒಂದು ವಸ್ತುವನ್ನು ಒಳಗೇ ಹಿಡಿದು ಕೂತಿರುತ್ತದೆ ಅನ್ನುವುದು ಮಕ್ಕಳಿಗೆ ಕಣ್ಣಾರೆ ಕಾಣಬೇಕಿತ್ತು. ಅದಕ್ಕೇ ಸಂತೆಯಿಂದ ಬೀಟ್‌ರೂಟ್ ತಂದೆ.

ಮಾಡಿದ್ದು ಇಷ್ಟು. ಒಂದು ಸೆಂಟಿಮೀಟರ್ ಅಳತೆಯ ತುಂಡುಗಳು. 28, 40, 50, 60, 70 ಡಿಗ್ರಿಯ ನೀರಿರುವ ಐದು ಟೆಸ್ಟ್ ಟ್ಯೂಬ್. ಒಂದೊಂದರಲ್ಲೂ ಒಂದು ತುಂಡು, 20 ನಿಮಿಷ. ಬಿಸಿಯೂಟದ ಅಡುಗೆ ಮನೆಯಿಂದ ಬಿಸಿನೀರು ತಂದು, ತಣ್ಣೀರು ಬೆರೆಸಿ, ಥರ್ಮಾಮೀಟರ್ ನೋಡಿ ಹಾಕಿದೆವು. ಆರು ಗುಂಪು.

ಎರಡು ತೊಡಕು ಬಂದವು. ಬಿಸಿ ಏರಿದ ಹಾಗೆ ತುಂಡಿನಿಂದ ನೀರಿಗೆ ಬಣ್ಣ ಜಾಸ್ತಿ ಬರಬೇಕು, ಆದರೆ ಒಂದು ಗುಂಪಿನಲ್ಲಿ 60 ಡಿಗ್ರಿಯ ಟ್ಯೂಬಿನ ಬಣ್ಣ 50ರದ್ದಕ್ಕಿಂತ ತೆಳುವಾಗಿತ್ತು. ಇನ್ನೊಂದು ನನಗೆ ಇವತ್ತಿಗೂ ತಿಳಿದಿಲ್ಲ. ಅರ್ಧಕ್ಕೇ ನಲ್ಲಿ ನೀರು ನಿಂತಿತು, ಅದು ನಮ್ಮ ಬೋರಿನ ನೀರು. ಕೊನೆಯ ಎರಡು ಗುಂಪಿಗೆ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಕೊಟ್ಟೆ. ಅವರ 50 ಡಿಗ್ರಿಯ ಟ್ಯೂಬು ಒಳ್ಳೆ ಗುಲಾಬಿ ಬಣ್ಣಕ್ಕೆ ಬಂತು. ಬೋರ್ ನೀರಿನ ನಾಲ್ಕೂ ಗುಂಪಿನಲ್ಲಿ ಅದೇ 50 ಡಿಗ್ರಿಗೆ ಬಣ್ಣ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. 70ಕ್ಕೆ ಎಲ್ಲರದ್ದೂ ಒಂದೇ, ಕಡು ಕೆಂಪು.

"ಅಕ್ಕೋರೆ, ಯಾರದ್ದು ಸರಿ?" ಅಂತ ಕೇಳಿದರು. ಎರಡನ್ನೂ ಬರೆದುಕೊಳ್ಳಿ, ನೋಡೋಣ ಅಂದಿದ್ದೇನೆ. ಏನು ಹೇಳಲಿ?

ರಾಣೆಬೆನ್ನೂರು ಶಿಕ್ಷಕ · ಸೋಮವಾರ ರಾತ್ರಿ 9:32

ಮೊದಲನೆಯದು ನೀರು ಆರಿದ್ದರಿಂದ ಆಗಿರಬೇಕು ಮೇಡಂ. ಟೆಸ್ಟ್ ಟ್ಯೂಬಿನಲ್ಲಿ ಇರುವುದೇ ಎರಡು ಚಮಚ ನೀರು, ಕಿಟಕಿ ಪಕ್ಕ ಇಟ್ಟರಂತೂ ಐದು ನಿಮಿಷಕ್ಕೆ 60 ಇದ್ದದ್ದು 50ರ ಕೆಳಗೆ ಬಂದಿರುತ್ತದೆ. ಪುಸ್ತಕದಲ್ಲಿ 60 ಅಂತ ಬರೆದರೂ ತುಂಡು ಕಂಡದ್ದು 60 ಅಲ್ಲವೇ ಅಲ್ಲ. ದೊಡ್ಡ ಬೋಗಾಣಿಯಲ್ಲಿ ಅದೇ ಬಿಸಿಯ ನೀರು ತುಂಬಿ, ಟ್ಯೂಬುಗಳನ್ನು ಅದರೊಳಗೆ ನಿಲ್ಲಿಸಿ. ಥರ್ಮಾಮೀಟರ್ ಬೋಗಾಣಿಯಲ್ಲಿ ಇರಲಿ. ಇಳಿದಾಗ ಒಂದು ಲೋಟ ಬಿಸಿನೀರು ಬೋಗಾಣಿಗೆ ಹಾಕಿದರೆ ಸಾಕು, ಟ್ಯೂಬಿಗೆ ಹಾಕಬಾರದು. ಶುರುವಿನದು, ಕೊನೆಯದು, ಎರಡೂ ಅಳತೆ ಬರೆಸಿ.

ನಿವೃತ್ತ ಮಾಸ್ತರು, ಧಾರವಾಡ · ಸೋಮವಾರ ರಾತ್ರಿ 10:05

ತಂಗಿ, ತುಂಡುಗಳನ್ನು ಎಷ್ಟು ಸಲ ತೊಳೆದಿರಿ? ಇದನ್ನು ಕೇಳಲು ಕಾರಣ ಇದೆ. ಚಾಕು ಹೋದ ಕಡೆಯಲ್ಲೆಲ್ಲ ಜೀವಕೋಶ ಒಡೆದಿರುತ್ತದೆ. ಅದರ ಬಣ್ಣ ತುಂಡಿನ ಮೈಗೆ ಅಂಟಿಕೊಂಡಿರುತ್ತದೆ. ಒಂದು ಸಲ ಅದ್ದಿ ತೆಗೆದರೆ ಅದು ಹೋಗುವುದಿಲ್ಲ. ನಾನು ಮಾಡಿಸುತ್ತಿದ್ದದ್ದು ಹೀಗೆ. ತುಂಡುಗಳನ್ನು ಒಂದು ಪಾತ್ರೆಯಲ್ಲಿ ಹಾಕಿ, ನೀರು ಬದಲಿಸುತ್ತಾ, ಕೊನೆಗೆ ಹತ್ತು ನಿಮಿಷ ಬಿಟ್ಟರೂ ನೀರಿಗೆ ಬಣ್ಣ ಬರದ ಹಾಗೆ ಆಗುವವರೆಗೆ ತೊಳೆಯುವುದು. ಆಮೇಲೆ ಒಂದು ಬಟ್ಟೆಯ ಮೇಲೆ ಹೊರಳಿಸಿ ಒಣಗಿಸುವುದು. ಒತ್ತಬಾರದು, ಒತ್ತಿದರೆ ಮತ್ತೆ ಒಡೆಯುತ್ತದೆ.

ಇನ್ನೊಂದು ಮಾತು. ಬೀಟ್‌ರೂಟನ್ನು ಅಡ್ಡ ಕೊಯ್ದು ಬೆಳಕಿಗೆ ಹಿಡಿದು ನೋಡಿ. ಬಳೆಗಳ ಹಾಗೆ ಸುತ್ತು ಸುತ್ತು ಇರುತ್ತವೆ, ಒಂದು ಕಡು, ಒಂದು ತೆಳು. ಒಬ್ಬರ ತುಂಡು ಕಡು ಬಳೆಯಿಂದ, ಇನ್ನೊಬ್ಬರದು ತೆಳು ಬಳೆಯಿಂದ ಬಂದರೆ ಬಣ್ಣ ಬೇರೆ ಆಗಲೇಬೇಕು. ಒಂದೇ ಬೀಟ್‌ರೂಟಿನ ತುಂಡುಗಳನ್ನೆಲ್ಲ ಒಂದು ಬೋಗಾಣಿಯಲ್ಲಿ ಕಲಸಿ, ಕಣ್ಣು ಮುಚ್ಚಿ ಆರಿಸಿಕೊಳ್ಳಲಿ. ಪ್ರತಿ ಬಿಸಿಗೂ ಮೂರು ಟ್ಯೂಬು ಇಡಿ. ನೀರಿನ ವಿಷಯ ಆಮೇಲೆ.

ಗದಗದ ವಿಜ್ಞಾನ ಶಿಕ್ಷಕಿ · ಸೋಮವಾರ ರಾತ್ರಿ 10:20

ಎರಡು ಸಲ ತೊಳೆದಿದ್ದೆವು ಮಾಸ್ತರ್. ಸಾಲದು ಅಂತ ಈಗ ಗೊತ್ತಾಯಿತು. ಆದರೆ ಆರೂ ಗುಂಪಿಗೂ ಒಂದೇ ಬೋಗಾಣಿಯ ತುಂಡು ಹೋಗಿದ್ದವು. ಹಾಗಿದ್ದರೂ ನಾಲ್ಕು ಗುಂಪು ಒಂದು ಕಡೆ, ಎರಡು ಗುಂಪು ಒಂದು ಕಡೆ ಆದದ್ದು ನನ್ನನ್ನು ಕಾಡುತ್ತಿದೆ.

ಹತ್ತನೇ ತರಗತಿ, ಹಾವೇರಿ · ಮಂಗಳವಾರ ಬೆಳಿಗ್ಗೆ 6:48

ಮೇಡಂ ನಾನು ವಿದ್ಯಾರ್ಥಿ. ಬೋರ್ ನೀರಲ್ಲಿ ಬಣ್ಣ ಬಂದಿದ್ದರೂ ಕಾಣದೆ ಹೋಗಿರಬಹುದಾ? ಲಿಟ್ಮಸ್ ಬಣ್ಣ ಬದಲಿಸುತ್ತದಲ್ಲ, ಹಾಗೆ. ಬೀಟ್‌ರೂಟ್ ರಸ ಹಿಂಡಿ ಎರಡೂ ನೀರಿಗೆ ಐದೈದು ಹನಿ ಹಾಕಿದರೆ ಗೊತ್ತಾಗುತ್ತದೆ. ಒಂದೇ ಬಣ್ಣ ಬಂದರೆ ನೀರು ಬಣ್ಣವನ್ನು ಅಳಿಸುತ್ತಿಲ್ಲ ಅಂತ ಅರ್ಥ.

ಹುಬ್ಬಳ್ಳಿ ಪಿಯು ಉಪನ್ಯಾಸಕ · ಮಂಗಳವಾರ ಬೆಳಿಗ್ಗೆ 8:15

ತಮ್ಮಾ, ಬಹಳ ಒಳ್ಳೆಯ ಯೋಚನೆ. ಮೇಡಂ, ಮೊದಲು ಅದನ್ನೇ ಮಾಡಿ. ನನ್ನ ಅಂದಾಜು, ಎರಡರಲ್ಲೂ ಒಂದೇ ಬಣ್ಣ ಬರುತ್ತದೆ. ಬೀಟ್‌ರೂಟಿನ ಬಣ್ಣ ಬೋರ್ ನೀರಿನ ಸಣ್ಣ ಕ್ಷಾರಕ್ಕೆ ಜಗ್ಗುವುದಿಲ್ಲ.

ಈಗ ಸ್ವಲ್ಪ ಉದ್ದ ಬರೆಯುತ್ತೇನೆ. ಈ ಬಣ್ಣದ ಹೆಸರು ಬೆಟಾನಿನ್. ಅದು ಕೋಶದ ನಡುವಿನ ರಸದಾನಿ, ಅಂದರೆ ರಸ ತುಂಬಿದ ಚೀಲದೊಳಗೆ ಇರುತ್ತದೆ. ಹೊರಗೆ ಬರಬೇಕಾದರೆ ಎರಡು ಪೊರೆ ದಾಟಬೇಕು. ಒಂದು ರಸದಾನಿಯ ಪೊರೆ, ಇನ್ನೊಂದು ಕೋಶದ ಪೊರೆ. ಆಚೆ ಇರುವ ಕೋಶಭಿತ್ತಿ ಅದನ್ನು ತಡೆಯುವುದಿಲ್ಲ, ಭಿತ್ತಿಯ ಸಂದುಗಳು ದೊಡ್ಡವು. ಪೊರೆ ಮಾತ್ರ ಬಿಡುವುದಿಲ್ಲ. ಪೊರೆಯ ಒಳಮೈ ಕೊಬ್ಬಿನದು, ಬೆಟಾನಿನ್ ನೀರಿಗೆ ಒಗ್ಗುವ ದೊಡ್ಡ ಅಣು. ಹಾಗಾಗಿ ಗಟ್ಟಿಯಾಗಿರುವ ಬೀಟ್‌ರೂಟ್ ತುಂಡನ್ನು ಚೆನ್ನಾಗಿ ತೊಳೆದು ತಣ್ಣೀರಿನಲ್ಲಿಟ್ಟರೆ ಬಣ್ಣ ಬಿಡುವುದೇ ಇಲ್ಲ ಅನ್ನುವಷ್ಟು ಕಡಿಮೆ. ಹೊರಗೆ ಬಣ್ಣ ಸೊನ್ನೆ, ಒಳಗೆ ತುಂಬಿ ತುಳುಕುತ್ತಿದೆ, ವಿಸರಣೆ (ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನಾಗಿ ಹರಡುವುದು) ಆಗಲೇಬೇಕು, ಆದರೂ ಆಗುತ್ತಿಲ್ಲ. ಮಕ್ಕಳಿಗೆ ಮೊದಲು ತೋರಿಸಬೇಕಾದದ್ದು ಈ ತಣ್ಣೀರಿನ ಟ್ಯೂಬನ್ನು. ನಾವೆಲ್ಲ ಕೆಂಪಾದ ಟ್ಯೂಬನ್ನೇ ಎತ್ತಿ ತೋರಿಸುತ್ತೇವೆ.

ಬಿಸಿ ಮಾಡಿದರೆ ಏನಾಗುತ್ತದೆ? "ಬಿಸಿಗೆ ವಿಸರಣೆ ಜೋರಾಗುತ್ತದೆ, ಅದಕ್ಕೇ ಬಣ್ಣ ಬಂತು" ಅಂತ ಪರೀಕ್ಷೆಯಲ್ಲಿ ಅರ್ಧ ಕ್ಲಾಸು ಬರೆಯುತ್ತದೆ. ಲೆಕ್ಕ ಹಾಕಿ ನೋಡಿ. 28 ಡಿಗ್ರಿ ಅಂದರೆ 301 ಕೆಲ್ವಿನ್, 60 ಅಂದರೆ 333. ಅಣುಗಳ ಚಲನೆಯ ಶಕ್ತಿ ಹೆಚ್ಚಾದದ್ದು ನೂರಕ್ಕೆ ಹತ್ತು ಹನ್ನೊಂದು ಪಾಲು ಅಷ್ಟೇ. ಬಿಸಿನೀರು ತೆಳುವಾಗುವುದನ್ನೂ ಸೇರಿಸಿದರೆ ವಿಸರಣೆಯ ವೇಗ ಸುಮಾರು ಎರಡು ಪಟ್ಟು ಆಗಬಹುದು. ನಿಮ್ಮ ಟ್ಯೂಬಿನಲ್ಲಿ ಆದದ್ದು ಎರಡು ಪಟ್ಟಾ? ಏನೂ ಇಲ್ಲದ್ದು ಕಡು ಕೆಂಪಾಯಿತು. ಅದೂ ಮೆಲ್ಲಗೆ ಏರಲಿಲ್ಲ, 50ರ ಆಚೀಚೆ ಒಮ್ಮೆಲೇ ಜಿಗಿಯಿತು. ಆ ಜಿಗಿತವೇ ಪೊರೆ ಹಾಳಾದದ್ದಕ್ಕೆ ಸಾಕ್ಷಿ. ಬಿಸಿಗೆ ಪೊರೆಯ ಪ್ರೋಟೀನುಗಳು ಮೊಟ್ಟೆಯ ಬಿಳಿ ಬೆಂದ ಹಾಗೆ ರೂಪ ಕೆಡುತ್ತವೆ, ಕೊಬ್ಬಿನ ಪದರ ಸಡಿಲವಾಗುತ್ತದೆ.

ಇದನ್ನು ಇನ್ನೂ ಚೆನ್ನಾಗಿ ತೋರಿಸಬೇಕೆಂದರೆ ಒಂದು ತುಂಡನ್ನು 70 ಡಿಗ್ರಿಯಲ್ಲಿ ಎರಡು ನಿಮಿಷ ಇಟ್ಟು, ತೆಗೆದು, ತೊಳೆದು, ತಣ್ಣೀರಿಗೆ ಹಾಕಿ. ನೀರು ತಣ್ಣಗಿದೆ, ಆದರೂ ಬಣ್ಣ ಇಳಿಯುತ್ತಲೇ ಇರುತ್ತದೆ. ಫ್ರೀಜರಿನಲ್ಲಿ ರಾತ್ರಿ ಇಟ್ಟ ತುಂಡೂ ಹಾಗೇ, ಒಳಗಿನ ಮಂಜಿನ ಹರಳು ಪೊರೆಯನ್ನು ಹರಿದಿರುತ್ತದೆ.

ಈಗ ನಿಮ್ಮ ಕ್ಯಾನ್ ನೀರು. ಪೊರೆ ಅಂದರೆ ಫಾಸ್ಫೋಲಿಪಿಡ್ ಅನ್ನುವ ಕೊಬ್ಬಿನ ಅಣುಗಳ ಎರಡು ಪದರ. ಇದನ್ನು ಗಾರ್ಟರ್ ಮತ್ತು ಗ್ರೆಂಡೆಲ್ ಅನ್ನುವ ಇಬ್ಬರು 1925ರಲ್ಲಿ ಕೆಂಪು ರಕ್ತಕಣಗಳ ಕೊಬ್ಬನ್ನು ನೀರಿನ ಮೇಲೆ ಹರಡಿ ಅಳೆದು ಹೇಳಿದರು. ಆ ಅಣುಗಳ ತಲೆಯಲ್ಲಿ, ಅಂದರೆ ನೀರಿನ ಕಡೆಗಿರುವ ತುದಿಯಲ್ಲಿ, ಋಣ ವಿದ್ಯುದಂಶ ಇರುತ್ತದೆ. ಕ್ಯಾಲ್ಸಿಯಂ ಅಯಾನಿಗೆ ಎರಡು ಧನ ವಿದ್ಯುದಂಶ. ಅದು ಅಕ್ಕಪಕ್ಕದ ಎರಡು ತಲೆಗಳನ್ನು ಒಟ್ಟಿಗೆ ಹಿಡಿದು ನಿಲ್ಲುತ್ತದೆ, ಕುಣಿತದಲ್ಲಿ ಎರಡು ಬದಿಯವರ ಕೈ ಹಿಡಿದ ಹಾಗೆ. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಪೊರೆ ಸ್ವಲ್ಪ ಜಾಸ್ತಿ ಬಿಸಿಯನ್ನು ತಡೆದುಕೊಳ್ಳುತ್ತದೆ. ಘಟಕದ ಯಂತ್ರ ಆ ಕ್ಯಾಲ್ಸಿಯಂ ತೆಗೆದುಬಿಟ್ಟಿರುತ್ತದೆ. 70ಕ್ಕೆ ಹೋದರೆ ಯಾವ ಕ್ಯಾಲ್ಸಿಯಂ ಕೂಡ ಉಳಿಸಲಾರದು, ಅದಕ್ಕೇ ಅಲ್ಲಿ ಎಲ್ಲರದ್ದೂ ಒಂದೇ.

ನಿಮ್ಮ ಆರು ಗುಂಪೂ ಸರಿಯಾಗಿಯೇ ನೋಡಿವೆ ಅಂತ ನನ್ನ ಅನಿಸಿಕೆ. ನೀರು ಎರಡು ಥರ ಇತ್ತು.

ಗದಗದ ವಿಜ್ಞಾನ ಶಿಕ್ಷಕಿ · ಮಂಗಳವಾರ ಮಧ್ಯಾಹ್ನ 1:30

ಸರ್, ಓದಿ ಮೈ ಜುಂ ಅಂದಿತು. ನಮ್ಮೂರ ಬೋರ್ ನೀರಿಗೆ ಸಾಬೂನು ನೊರೆಯೇ ಬರುವುದಿಲ್ಲ. ಹಂಡೆಯ ಒಳಗೆ ಬಿಳಿ ಪದರ ಕಟ್ಟಿ, ವರ್ಷಕ್ಕೊಮ್ಮೆ ಕೆತ್ತಿ ತೆಗೆಯಬೇಕು. ಅದೇ ನೀರು ಬೀಟ್‌ರೂಟಿನ ಪೊರೆಯನ್ನು ಕಾಯುತ್ತದೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಪಾಲಕರು, ನವನಗರ ಹುಬ್ಬಳ್ಳಿ · ಮಂಗಳವಾರ ಸಂಜೆ 6:02

ನಡುವೆ ಒಂದು ಪ್ರಶ್ನೆ, ಕ್ಷಮಿಸಿ. ಮಗಳ ನೋಟ್ಸಿನಲ್ಲಿ ವಿಸರಣೆಗೆ ಊದುಬತ್ತಿಯ ಉದಾಹರಣೆ ಇದೆ. ದೇವರ ಮನೆಯಲ್ಲಿ ಹಚ್ಚಿದರೆ ಪಡಸಾಲೆಗೆ ಅರ್ಧ ನಿಮಿಷಕ್ಕೆ ವಾಸನೆ ಬರುತ್ತದೆ. ವಿಸರಣೆ ಅಷ್ಟು ಬೇಗ ಆಗುತ್ತದಾ? ಇಲ್ಲಿ ನೋಡಿದರೆ ಬೀಟ್‌ರೂಟಿನ ಬಣ್ಣಕ್ಕೆ 20 ನಿಮಿಷ ಕಾಯುತ್ತಿದ್ದೀರಿ.

ಹುಬ್ಬಳ್ಳಿ ಪಿಯು ಉಪನ್ಯಾಸಕ · ಮಂಗಳವಾರ ರಾತ್ರಿ 8:40

ಕೇಳಿದ್ದು ಒಳ್ಳೆಯದಾಯಿತು. ಊದುಬತ್ತಿಯ ವಾಸನೆಯನ್ನು ಅಷ್ಟು ಬೇಗ ಹೊತ್ತು ತರುವುದು ಗಾಳಿಯ ಓಡಾಟ. ಬತ್ತಿಯ ಬಿಸಿಗೆ ಗಾಳಿ ಮೇಲೇಳುತ್ತದೆ, ಫ್ಯಾನು ತಿರುಗುತ್ತದೆ, ನೀವು ನಡೆದಾಡುತ್ತೀರಿ. ಬರೀ ವಿಸರಣೆಯಾದರೆ ಬಹಳ ಹೊತ್ತು ಬೇಕು.

ವಿಸರಣೆಗೆ ಒಂದು ಗುಣ ಇದೆ. ದೂರ ಹತ್ತು ಪಟ್ಟಾದರೆ ಸಮಯ ನೂರು ಪಟ್ಟಾಗುತ್ತದೆ. ಸಣ್ಣ ಅಣುವೊಂದು ನೀರಿನಲ್ಲಿ ಒಂದು ಕೋಶದ ಅಗಲ, ಅಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ, ದಾಟಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಸಾಕು. ಅದೇ ಅಣು ಒಂದು ಸೆಂಟಿಮೀಟರ್ ಹೋಗಲು ಹದಿನಾಲ್ಕು ತಾಸು ಬೇಕು. ಜೀವಕೋಶಗಳು ಯಾಕೆ ಇಷ್ಟು ಸಣ್ಣವು ಅನ್ನುವುದಕ್ಕೆ ಒಂದು ಕಾರಣ ಇಲ್ಲೇ ಇದೆ. ನಮಗೆ ರಕ್ತ ಹರಿಯಬೇಕಾದದ್ದೂ ಇದಕ್ಕೇ.

ಮಗಳಿಗೆ ಮನೆಯಲ್ಲೇ ತೋರಿಸಬೇಕಾದರೆ ಅಂಗಡಿಯಲ್ಲಿ ಚೈನಾ ಗ್ರಾಸ್ (ಜೆಲ್ಲಿ ಕಟ್ಟಿಸುವ ಅಗರ್) ಸಿಗುತ್ತದೆ. ಕುದಿಸಿ ಲೋಟದಲ್ಲಿ ಗಟ್ಟಿಯಾಗಲು ಬಿಡಿ, ಮೇಲೆ ಒಂದು ಹನಿ ಬೀಟ್‌ರೂಟ್ ರಸ ಹಾಕಿ, ಸ್ಕೇಲ್ ಹಿಡಿದು ತಾಸಿಗೊಮ್ಮೆ ಅಳೆಯಲಿ. ಗಟ್ಟಿಯಾದ್ದರಿಂದ ನೀರು ಸುತ್ತಾಡುವುದಿಲ್ಲ, ಕಾಣುವುದೆಲ್ಲ ವಿಸರಣೆಯೇ.

ಮೇಡಂ, ಇದೇ ಕಾರಣಕ್ಕೆ ನಿಮ್ಮ ಟ್ಯೂಬುಗಳನ್ನು ಬಣ್ಣ ನೋಡುವ ಮೊದಲು ತುಂಡು ತೆಗೆದು ಒಂದು ಸಲ ಅಲುಗಾಡಿಸಿ. ಬಣ್ಣ ತಳದಲ್ಲೇ ಕೂತಿರುತ್ತದೆ.

ಬ್ಯಾಡಗಿ ಹುಡುಗಿ, ಬಿಎಸ್ಸಿ · ಮಂಗಳವಾರ ರಾತ್ರಿ 9:55

ಕೊಬ್ಬಿನ ಪೊರೆ ಅಂದ ಕೂಡಲೇ ನಮ್ಮೂರ ಮೆಣಸಿನಕಾಯಿ ನೆನಪಾಯಿತು. ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದಿರುವುದೇ ಬಣ್ಣದಿಂದ, ಖಾರ ಕಡಿಮೆ. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತೂ ಸಿಕ್ಕಿತು. ಆ ಕೆಂಪು ನೀರಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಒಂದು ಲೋಟ ನೀರು, ಮೇಲೆ ಎರಡು ಚಮಚ ಶೇಂಗಾ ಎಣ್ಣೆ, ಒಂದು ಚಿಟಿಕೆ ಬ್ಯಾಡಗಿ ಮೆಣಸಿನಕಾಯಿ ಪುಡಿ. ಕಲಕಿ ಬಿಡಿ. ಪುಡಿ ತಳಕ್ಕಿಳಿದ ಮೇಲೆ ನೋಡಿದರೆ ಎಣ್ಣೆ ಕೆಂಪು, ನೀರು ಹೆಚ್ಚು ಕಡಿಮೆ ತಿಳಿ. ಅದೇ ಲೋಟಕ್ಕೆ ಬೀಟ್‌ರೂಟ್ ರಸ ಹಾಕಿದರೆ ನೀರು ಕೆಂಪು, ಎಣ್ಣೆಗೆ ಏನೂ ಆಗುವುದಿಲ್ಲ.

ಎರಡೂ ಕೆಂಪೇ. ಒಂದು ಎಣ್ಣೆಯ ಕಡೆ, ಒಂದು ನೀರಿನ ಕಡೆ. ಓವರ್ಟನ್ ಅನ್ನುವವರು 1890ರ ದಶಕದಲ್ಲಿ ಕೋಶಕ್ಕೆ ಬೇರೆ ಬೇರೆ ವಸ್ತು ಹಾಕಿ ನೋಡಿ, ಕೊಬ್ಬಿನಲ್ಲಿ ಕರಗುವಂಥವು ಬೇಗ ಒಳಗೆ ಹೋಗುತ್ತವೆ ಅಂತ ಕಂಡುಕೊಂಡರು. ಪೊರೆಯೇ ಕೊಬ್ಬಿನಂಥದ್ದು ಅನ್ನುವ ಯೋಚನೆ ಅಲ್ಲಿಂದ ಬಂತು. ಈ ಲೋಟ ಮೊದಲು ತೋರಿಸಿ, ಆಮೇಲೆ ಬೀಟ್‌ರೂಟ್ ಮಾಡಿಸಿದರೆ ಮಕ್ಕಳಿಗೆ ಪೊರೆ ಯಾಕೆ ತಡೆಯುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಮತ್ತೆ ಒಂದು ಮಾತು. ಕ್ಯಾಲ್ಸಿಯಂ ಅಂತ ಈಗಲೇ ಹೇಳಿಬಿಡಬಾರದು ಅಲ್ವಾ? ಬೋರ್ ನೀರಿನಲ್ಲಿ ಇನ್ನೂ ಎಷ್ಟೋ ಲವಣ ಇರುತ್ತವೆ. ಕ್ಯಾನ್ ನೀರಿಗೆ ಬರೀ ಕ್ಯಾಲ್ಸಿಯಂ ಹಾಕಿದ್ದು ಒಂದು, ಬರೀ ಅಡುಗೆ ಉಪ್ಪು ಹಾಕಿದ್ದು ಒಂದು ಇಟ್ಟು ನೋಡಬೇಕು.

ರಾಣೆಬೆನ್ನೂರು ಶಿಕ್ಷಕ · ಬುಧವಾರ ಬೆಳಿಗ್ಗೆ 7:20

ಕ್ಯಾಲ್ಸಿಯಂಗೆ ಎಲೆ ಅಡಿಕೆಯ ಸುಣ್ಣ ಆಗಬಹುದಲ್ಲ, ಎಲ್ಲ ಕಡೆ ಸಿಗುತ್ತದೆ.

ಲ್ಯಾಬ್ ಅಟೆಂಡರ್, ಧಾರವಾಡ · ಬುಧವಾರ ಬೆಳಿಗ್ಗೆ 7:41

ಸುಣ್ಣ ಬೇಡ ಸರ್. ಸುಣ್ಣದ ತಿಳಿ ಬಲವಾದ ಕ್ಷಾರ, ಬೀಟ್‌ರೂಟ್ ಬಣ್ಣ ಹಳದಿಗೆ ತಿರುಗಿಬಿಡುತ್ತದೆ. ಬಣ್ಣ ಬಂತೋ ಇಲ್ಲವೋ ತಿಳಿಯುವುದಿಲ್ಲ. ಮಕ್ಕಳ ಕಣ್ಣಿಗೆ ಸಿಡಿದರೂ ಕಷ್ಟ.

ಹೈಸ್ಕೂಲಿನ ಕಪಾಟಿನಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಇರುತ್ತದೆ ನೋಡಿ, ಹತ್ತನೇ ತರಗತಿಯ ಮೊಳೆ ತುಕ್ಕು ಹಿಡಿಯುವ ಪ್ರಯೋಗಕ್ಕೆ ತರಿಸಿರುತ್ತಾರೆ. ಒಂದು ಲೀಟರ್ ಕ್ಯಾನ್ ನೀರಿಗೆ ಅರ್ಧ ಗ್ರಾಂ ಸಾಕು. ಅದು ಲೀಟರಿಗೆ ಸುಮಾರು 450 ಮಿಲಿಗ್ರಾಂ ಗಡಸುತನಕ್ಕೆ (ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಅಳತೆ) ಸಮ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ 200 ಅಂತ ಇದೆ, ಬೇರೆ ನೀರು ಸಿಗದ ಕಡೆ 600ರವರೆಗೆ. ಹಾಗಾಗಿ ಒಂದು ಗಡಸು ಬೋರಿನ ಹಾಗೇ ಆಯಿತು. ಡಬ್ಬಿ ತೆರೆದ ಕೂಡಲೇ ಮುಚ್ಚಿ, ಗಾಳಿಯ ತೇವ ಎಳೆದುಕೊಂಡು ನೀರಾಗುತ್ತದೆ. ಕೈಯಲ್ಲಿ ಮುಟ್ಟಬಾರದು. ಕರಗಿಸುವಾಗ ಬಿಸಿ ಬರುವ ವಸ್ತು, ಅದಕ್ಕೆ ಮೊದಲೇ ಕರಗಿಸಿ ಆರಲು ಬಿಡಿ.

ಬಣ್ಣ ಅಳೆಯಲು ಯಂತ್ರ ಇಲ್ಲದಿದ್ದರೆ, ಒಂದು ತುಂಡನ್ನು ಪೂರ್ತಿ ಕುದಿಸಿ ಬಂದ ಬಣ್ಣಕ್ಕೆ 10 ಅಂತ ಅಂಕ ಕೊಡಿ. ಅದನ್ನು ನೀರಿಗೆ ಅಳತೆ ಪ್ರಕಾರ ಬೆರೆಸಿ 9, 8, 7 ಅಂತ 0ವರೆಗೆ ಹನ್ನೊಂದು ಟ್ಯೂಬು ಸಾಲಾಗಿ ನಿಲ್ಲಿಸಿ, ಹಿಂದೆ ಬಿಳಿ ಹಾಳೆ. ಪ್ರತಿ ಟ್ಯೂಬನ್ನೂ ಈ ಸಾಲಿನ ಪಕ್ಕ ಹಿಡಿದು ನೋಡಲಿ. ಮೊಬೈಲ್ ಫೋಟೊ ತೆಗೆಯುವುದಾದರೆ ಎಲ್ಲ ಟ್ಯೂಬು ಒಂದೇ ಫೋಟೊದಲ್ಲಿ ಬರಬೇಕು. ಬೇರೆ ಬೇರೆ ತೆಗೆದರೆ ಫೋನು ತನಗೆ ತಾನೇ ಬೆಳಕು ಬದಲಿಸುತ್ತದೆ.

ನಿವೃತ್ತ ಮಾಸ್ತರು, ಧಾರವಾಡ · ಬುಧವಾರ ಬೆಳಿಗ್ಗೆ 9:00

ಅಂಕ ಹಾಕುವ ಮಗುವಿಗೆ ಯಾವ ಟ್ಯೂಬಿನಲ್ಲಿ ಯಾವ ನೀರಿದೆ ಅಂತ ಗೊತ್ತಿರಬಾರದು. ತಳಕ್ಕೆ ಚೀಟಿ ಅಂಟಿಸಿ.

ಗದಗದ ವಿಜ್ಞಾನ ಶಿಕ್ಷಕಿ · ಮುಂದಿನ ಮಂಗಳವಾರ ರಾತ್ರಿ 8:25

ಎಲ್ಲರಿಗೂ ಕೈ ಮುಗಿದು ಧನ್ಯವಾದ. ಶನಿವಾರ ಅರ್ಧ ದಿನ, ಸೋಮವಾರ ಎರಡು ಪೀರಿಯಡ್ ಹಿಡಿಯಿತು. ನಡೆದದ್ದನ್ನು ಹಾಗೇ ಬರೆಯುತ್ತೇನೆ.

ಮೊದಲು ಹಾವೇರಿಯ ತಮ್ಮ ಹೇಳಿದ ಹಾಗೆ ಐದೈದು ಹನಿ ರಸ. ಬೋರ್ ನೀರು, ಕ್ಯಾನ್ ನೀರು, ಎರಡರಲ್ಲೂ ಬಣ್ಣ ಒಂದೇ. ಗುರುತಿಸಿ ನೋಡೋಣ ಅಂತ ಆರು ಜನಕ್ಕೆ ಕೊಟ್ಟೆ, ಯಾರಿಗೂ ಬೇರೆ ಮಾಡಲಾಗಲಿಲ್ಲ.

ಆಮೇಲೆ ಬರೀ 50 ಡಿಗ್ರಿ ಒಂದನ್ನೇ ಹಿಡಿದೆವು. ಬಿಸಿಯೂಟದ ದೊಡ್ಡ ಬೋಗಾಣಿ. ನಾಲ್ಕು ಥರದ ನೀರು, ಒಂದೊಂದಕ್ಕೆ ಮೂರು ಟ್ಯೂಬು, ತಳದಲ್ಲಿ ಚೀಟಿ. ತುಂಡುಗಳನ್ನು ಏಳು ಸಲ ತೊಳೆದರು, ಏಳನೇ ನೀರು ತಿಳಿಯಾಗಿತ್ತು. ಬೋಗಾಣಿಯ ಬಿಸಿ ಶುರುವಿಗೆ 51, ಕೊನೆಗೆ 49. 20 ನಿಮಿಷ ಆದ ಮೇಲೆ ಒಬ್ಬ ಹುಡುಗಿ ಅಂಕ ಹಾಕಿದಳು, ಇನ್ನೊಬ್ಬಳು ಚೀಟಿ ತೆರೆದು ಓದಿದಳು.

ಕ್ಯಾನ್ ನೀರು: 6, 6, 7. ಉಪ್ಪು ಹಾಕಿದ ಕ್ಯಾನ್ ನೀರು: 6, 7, 6. ಬೋರ್ ನೀರು: 2, 2, 5. ಕ್ಯಾಲ್ಸಿಯಂ ಹಾಕಿದ ಕ್ಯಾನ್ ನೀರು: 3, 2, 3.

ಕೊನೆಯ ಸಾಲು ಓದಿದಾಗ ಕ್ಲಾಸಿನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಅದೇ ಕ್ಯಾನ್ ನೀರು, ಒಂದು ಚಿಟಿಕೆ ಬಿಳಿ ಪುಡಿ, ಅಷ್ಟೇ.

ಬೋರ್ ನೀರಿನ ಆ 5 ನಮ್ಮನ್ನು ಕೂರಲು ಬಿಡಲಿಲ್ಲ. ತೆಗೆದುಹಾಕೋಣ ಅಂದ ಒಬ್ಬ. ಬೇಡ, ಮೊದಲು ತುಂಡು ನೋಡಿ ಅಂದೆ. ತುಂಡನ್ನು ಲೆನ್ಸಿನಲ್ಲಿ ನೋಡಿದರೆ ಒಂದು ಮೂಲೆಯಲ್ಲಿ ಉಗುರಿನ ಗುರುತು, ಬಟ್ಟೆಯಿಂದ ಎತ್ತುವಾಗ ಯಾರೋ ಒತ್ತಿ ಹಿಡಿದಿದ್ದಾರೆ. 5 ಅಂತಲೇ ಬರೆದು, ಪಕ್ಕದಲ್ಲಿ "ಮೂಲೆ ಒತ್ತಿದೆ" ಅಂತ ಬರೆಸಿದೆ.

ತಣ್ಣೀರಿನ ಪರೀಕ್ಷೆಯೂ ಮಾಡಿದೆವು ಸರ್. 70ರಲ್ಲಿ ಎರಡು ನಿಮಿಷ ಇಟ್ಟು ತೆಗೆದ ತುಂಡನ್ನು ತಣ್ಣೀರಿಗೆ ಹಾಕಿ, ಪಕ್ಕದಲ್ಲಿ ಹಸಿ ತುಂಡು. ಹಸಿ ತುಂಡಿನ ನೀರು ಸಂಜೆಯವರೆಗೂ ಹಾಗೇ ಇತ್ತು. ಬೆಂದ ತುಂಡಿನಿಂದ ಹೊಗೆ ಇಳಿದ ಹಾಗೆ ಕೆಂಪು ಎಳೆಗಳು ತಳಕ್ಕೆ ಇಳಿಯುತ್ತಿದ್ದವು. ಪ್ರತಿಯೊಬ್ಬರೂ ಬಗ್ಗಿ, ಕಣ್ಣನ್ನು ಟ್ಯೂಬಿನ ಮಟ್ಟಕ್ಕೆ ತಂದು ನೋಡಿದರು. ಯಾವಾಗಲೂ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರುವ ಹುಡುಗನೊಬ್ಬ "ಬಾಗಿಲು ಮುರಿದ ಮೇಲೆ ಕಾವಲುಗಾರ ಬಂದರೂ ಅಷ್ಟೇ" ಅಂದ. ಅದನ್ನು ಬೋರ್ಡಿನ ಮೇಲೆ ಬರೆದೆ.

ಹತ್ತನೇ ತರಗತಿ, ಹಾವೇರಿ · ಮಂಗಳವಾರ ರಾತ್ರಿ 8:50

ಮೇಡಂ, ನಮ್ಮ ಶಾಲೆಯಲ್ಲೂ ಮಾಡುತ್ತೇವೆ. ಮಳೆ ನೀರು ಹಿಡಿದಿಟ್ಟರೆ ಕ್ಯಾನ್ ನೀರಿನ ಹಾಗೇ 6 ಬರಬೇಕು ಅಲ್ವಾ?

ಹುಬ್ಬಳ್ಳಿ ಪಿಯು ಉಪನ್ಯಾಸಕ · ಮಂಗಳವಾರ ರಾತ್ರಿ 9:05

ಬರಬೇಕು. ಮಳೆ ನೀರಿನಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ. ಮಾಡುವ ಮೊದಲೇ ಆ 6 ಅನ್ನು ಪುಸ್ತಕದಲ್ಲಿ ಬರೆದಿಡು. ಮೊದಲ ಮಳೆ ಬೇಡ, ಮಾಳಿಗೆಯ ಧೂಳೆಲ್ಲ ಅದರಲ್ಲೇ ಬರುತ್ತದೆ.

ಗದಗದ ವಿಜ್ಞಾನ ಶಿಕ್ಷಕಿ · ಮಂಗಳವಾರ ರಾತ್ರಿ 9:30

ಇವತ್ತು ಬೆಳಿಗ್ಗೆ ಮಕ್ಕಳು ಹೇಳದೇ ಕೇಳದೇ ಮನೆಯಿಂದ ನೀರು ತಂದಿದ್ದಾರೆ. ಹನ್ನೊಂದು ಬಾಟಲಿ, ಎಲ್ಲಕ್ಕೂ ಚೀಟಿ ಹಚ್ಚಿದ್ದಾರೆ. ಹೊಲದ ಬೋರು, ಗುಡಿಯ ಬಾವಿ, ಕೆರೆ, ಹುಬ್ಬಳ್ಳಿಯ ಅತ್ತೆ ಮನೆಯ ಮಲಪ್ರಭೆ ನೀರು. ಮೊದಲು ಎಲ್ಲಕ್ಕೂ ಸಾಬೂನು ಹಾಕಿ ಯಾವುದರಲ್ಲಿ ಎಷ್ಟು ನೊರೆ ಅಂತ ಸಾಲು ಹಚ್ಚಿದರು. ಬೀಟ್‌ರೂಟ್ ಬಣ್ಣವೂ ಅದೇ ಸಾಲಿನಲ್ಲಿ ಬರುತ್ತದೆ ಅಂತ ಅರ್ಧ ಕ್ಲಾಸು, ಬರುವುದಿಲ್ಲ ಅಂತ ಅರ್ಧ ಕ್ಲಾಸು. ಶನಿವಾರ ಸಂತೆಯಿಂದ ಎರಡು ಕಿಲೋ ಬೀಟ್‌ರೂಟ್ ತರಬೇಕು.